ಗಾಜಿನ ತೋಟಕ್ಕೂ ಬೇಕು ಗೊಬ್ಬರ: ಸುರಿಯಬೇಡಿ, ಬಡಿಸಿ

ಹಾಲ್‌ನ ಮೂಲೆಯಲ್ಲಿ ಆಸೆಪಟ್ಟು ಅಕ್ವೇರಿಯಂ ಇಟ್ಟಿದ್ದೀರಿ. ಪ್ಲಾಸ್ಟಿಕ್ ಗಿಡ ಬೇಡ, ಜೀವಂತ ಗಿಡವೇ ಇರಲಿ ಅಂತ ಪೇಟೆಯಿಂದ ಹತ್ತಾರು ಬಗೆ ತಂದು ನೆಟ್ಟಿದ್ದೀರಿ. ಒಳ್ಳೆಯ ಎಲ್‌ಇಡಿ ದೀಪ, ಫಿಲ್ಟರ್, ಗ್ಯಾಸ್ ಸಿಲಿಂಡರ್ ಎಲ್ಲಾ ಬಂದಿದೆ. ಮೊದಲ ಹದಿನೈದು ದಿನ ಬಂದವರೆಲ್ಲ ಎದುರು ನಿಂತು ನೋಡಿದ್ದೇ ನೋಡಿದ್ದು. ಆಮೇಲೆ? ಎಲೆ ಹಳದಿಯಾಯ್ತು, ತೂತು ಬಿತ್ತು, ಗಾಜಿನ ಮೇಲೆ ಹಸಿರು ಚುಕ್ಕೆ ಕೂತಿತು. "ಅಷ್ಟು ದುಡ್ಡು ಸುರಿದು ಪಾಚಿ ಸಾಕಿದ ಹಾಗಾಯ್ತಲ್ಲ" ಅಂತ ಮನೆಯವರ ಮಾತು ಬೇರೆ.

ಬೇಜಾರು ಮಾಡಿಕೊಳ್ಳಬೇಡಿ. ಹೆಚ್ಚಿನ ಸಂದರ್ಭದಲ್ಲಿ ನಿಮ್ಮ ಗಿಡಗಳಿಗೆ ರೋಗವೇನೂ ಬಂದಿರುವುದಿಲ್ಲ. ಅವಕ್ಕೆ ಹಸಿವಾಗಿದೆ, ಅಷ್ಟೆ. ಅಂಗಳದ ಡೇರೆಗೆ, ಆಂಥೂರಿಯಂಗೆ ಯಾವಾಗ ಎಷ್ಟು ಗೊಬ್ಬರ ಹಾಕಬೇಕೆಂದು ಬಲ್ಲ ನಿಮಗೆ ನೀರೊಳಗಿನ ಗಿಡದ ಊಟ ಕಲಿಯುವುದು ಕಷ್ಟವಲ್ಲ. ಆದರೆ ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಅಂಗಳದ ಗಿಡಕ್ಕೆ ಗೊಬ್ಬರ ಹೆಚ್ಚಾದರೆ ಗಿಡ ಒಂದು ಸುಡಬಹುದು. ತೊಟ್ಟಿಯಲ್ಲಿ ತಪ್ಪು ಗೊಬ್ಬರ ಬಿದ್ದರೆ ರಾತ್ರಿ ಕಳೆಯುವಷ್ಟರಲ್ಲಿ ಮೀನುಗಳೆಲ್ಲ ಸಾಯಬಹುದು. ಹಾಗಾಗಿ ಏನು ಹಾಕಬೇಕು ಎನ್ನುವಷ್ಟೇ ಏನು ಹಾಕಬಾರದು ಎನ್ನುವುದೂ ಇಲ್ಲಿ ಮುಖ್ಯ.

ಹೊಳೆಯಲ್ಲಿ ಯಾರು ಗೊಬ್ಬರ ಹಾಕ್ತಾರೆ?

"ತುಂಗೆಯಲ್ಲಿ ಗಿಡ ಬೆಳೆಯಲ್ವಾ? ಅಲ್ಲಿ ಯಾರು ಗೊಬ್ಬರ ಹಾಕ್ತಾರೆ?" ಅಂತ ಅತ್ತೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಕೊಪ್ಪ ತಾಲ್ಲೂಕಿನ ಹರಿಹರಪುರದ ಹತ್ತಿರ ಹೊಳೆಯ ಅಂಚಿಗೆ ಹೋಗಿ ನೋಡಿ. ಬಂಡೆಯ ಸಂದಿನಲ್ಲಿ, ಮರಳು ನಿಂತ ಕಡೆ, ನೀರೊಳಗೇ ಗಿಡಗಳು ಹಸಿರಾಗಿ ತೊನೆಯುತ್ತಿರುತ್ತವೆ.

ಅಲ್ಲಿ ಗೊಬ್ಬರ ಹಾಕುವುದು ಹೊಳೆಯೇ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ ಶೃಂಗೇರಿ ದಾಟಿ ಇಲ್ಲಿಗೆ ಬರುವ ನೀರು ಕಾಡಿನ ದರಗು ಕೊಳೆತ ಸಾರವನ್ನು, ಕಲ್ಲು ಸವೆದು ಬಂದ ಖನಿಜವನ್ನು ಚೂರು ಚೂರೇ ಹೊತ್ತು ತರುತ್ತದೆ. ಒಂದು ಲೀಟರ್ ನೀರಿನಲ್ಲಿ ಇರುವುದು ಬಹಳ ಕಡಿಮೆ. ಆದರೆ ಆ ಗಿಡದ ಮುಂದೆ ದಿನಕ್ಕೆ ಎಷ್ಟು ಸಾವಿರ ಲೀಟರ್ ಹರಿದುಹೋಗುತ್ತದೆ, ಯೋಚಿಸಿ! ತಿಂದಷ್ಟೂ ಹೊಸ ಊಟ ಬರುತ್ತಲೇ ಇರುತ್ತದೆ. ಮಳೆಗಾಲದ ಕೆಂಪು ನೀರು ಬೇರಿನ ಬುಡಕ್ಕೆ ಹೊಸ ಮೆಕ್ಕಲು ತಂದು ಕೂರಿಸುತ್ತದೆ.

ನಿಮ್ಮ ತೊಟ್ಟಿಯಲ್ಲಿರುವುದು ನಿಂತ ನೀರು. ಇದ್ದದ್ದನ್ನು ಗಿಡ ಕೆಲವೇ ದಿನದಲ್ಲಿ ಹೀರಿಕೊಂಡರೆ ಮುಗಿಯಿತು. ಹೊಳೆ ಮಾಡುವ ಕೆಲಸವನ್ನು ಇಲ್ಲಿ ನೀವು ಮಾಡಬೇಕು. ಅಂದರೆ ಕಡಿಮೆ ಪ್ರಮಾಣ, ಆದರೆ ತಪ್ಪದೆ.

ಮೂರು ಒಲೆಗುಂಡು

ಗೊಬ್ಬರಕ್ಕೆ ಕೈ ಹಾಕುವ ಮೊದಲು ಇನ್ನೆರಡು ವಿಷಯ ಸರಿಯಿದೆಯಾ ನೋಡಿ. ಹಳೆಯ ಒಲೆಗೆ ಮೂರು ಗುಂಡು ಸಮ ಇದ್ದರೆ ತಾನೆ ಪಾತ್ರೆ ನಿಲ್ಲುವುದು? ಗಿಡದ ತೊಟ್ಟಿಗೂ ಬೆಳಕು, ಇಂಗಾಲ, ಗೊಬ್ಬರ ಎಂಬ ಮೂರು ಗುಂಡು. ಒಂದು ಎತ್ತರ, ಒಂದು ತಗ್ಗು ಆದರೆ ಪಾಚಿ ಬಂದು ಕೂರುತ್ತದೆ.

ಬೆಳಕು: ದೀಪ ದಿನಕ್ಕೆ 6ರಿಂದ 8 ಗಂಟೆ ಸಾಕು. ಚೆನ್ನಾಗಿ ಕಾಣುತ್ತದೆ ಅಂತ ಬೆಳಿಗ್ಗೆಯಿಂದ ರಾತ್ರಿ ಮಲಗುವವರೆಗೆ ಉರಿಸಬೇಡಿ. ಕಿಟಕಿಯ ಬಿಸಿಲು ನೇರ ಬೀಳುವ ಜಾಗದಲ್ಲಿ ತೊಟ್ಟಿ ಇಡಬೇಡಿ. ಬೆಳಕು ಹೆಚ್ಚಿದಷ್ಟೂ ಗಿಡದ ಹಸಿವು ಹೆಚ್ಚುತ್ತದೆ. ಊಟ ಕೊಡಲಾಗದಿದ್ದರೆ ಮೊದಲು ಬೆಳಕು ಕಡಿಮೆ ಮಾಡಿ.

ಇಂಗಾಲ: ಒಣಗಿಸಿದ ಗಿಡದ ತೂಕದಲ್ಲಿ ನೂರಕ್ಕೆ ಸುಮಾರು 40 ಭಾಗ ಇಂಗಾಲವೇ. ನೀರೊಳಗಿನ ಗಿಡಕ್ಕೆ ಇದು ಕರಗಿದ ಇಂಗಾಲದ ಡೈ ಆಕ್ಸೈಡ್‌ನಿಂದ ಸಿಗಬೇಕು. ಗಾಳಿಯಿಂದ ತಾನಾಗಿ ಕರಗುವುದು ಏನೇನೂ ಸಾಲದು. ಅದಕ್ಕೇ ಹೈಟೆಕ್ ತೊಟ್ಟಿಗೆ ಸಿಲಿಂಡರ್ ಇಟ್ಟು ಸಣ್ಣ ಗುಳ್ಳೆಯಾಗಿ ಬಿಡುವುದು. ಲೀಟರಿಗೆ 20ರಿಂದ 30 ಮಿಲಿಗ್ರಾಂ ಇರುವಂತೆ ನೋಡಿಕೊಳ್ಳುತ್ತಾರೆ. ತೊಟ್ಟಿಯೊಳಗೆ ನೇತುಹಾಕುವ ಡ್ರಾಪ್ ಚೆಕರ್‌ನ ದ್ರವ ನೀಲಿ ಇದ್ದರೆ ಗ್ಯಾಸ್ ಕಡಿಮೆ, ಹಸಿರಿದ್ದರೆ ಸರಿ, ಹಳದಿಯಾದರೆ ಅಪಾಯ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಬಣ್ಣ ನೋಡುತ್ತಾ ಕೂರಬೇಡಿ. ಗ್ಯಾಸ್ ನಿಲ್ಲಿಸಿ, ಏರ್ ಪಂಪ್ ಹಾಕಿ, ಸ್ವಲ್ಪ ನೀರು ಬದಲಾಯಿಸಿ.

ಸಿಲಿಂಡರ್ ಇಲ್ಲದೆಯೂ ಚೆಂದದ ತೊಟ್ಟಿ ಮಾಡಬಹುದು. ಆಗ ಬೆಳಕು ಮಂದ ಇರಬೇಕು, ನಿಧಾನ ಬೆಳೆಯುವ ಗಿಡ ಆರಿಸಬೇಕು, ಗೊಬ್ಬರವೂ ಬಹಳ ಕಡಿಮೆ ಸಾಕು.

ಗಿಡದ ತಟ್ಟೆಯಲ್ಲಿ ಏನೇನಿರಬೇಕು?

ತೋಟದ ಭಾಷೆಯೇ ಇಲ್ಲಿಯದೂ. ಮುಖ್ಯ ಊಟ ಸಾರಜನಕ, ರಂಜಕ, ಪೊಟ್ಯಾಷ್. ಜೊತೆಗೆ ಸುಣ್ಣದಂಶ, ಮೆಗ್ನೀಷಿಯಂ, ಗಂಧಕ. ಒಗ್ಗರಣೆಯಷ್ಟು ಕಬ್ಬಿಣ, ಮ್ಯಾಂಗನೀಸ್, ಸತು, ಬೋರಾನ್, ತಾಮ್ರ, ಮಾಲಿಬ್ಡಿನಂ. ಇವುಗಳಲ್ಲಿ ಒಂದು ಕಡಿಮೆಯಾದರೂ ಉಳಿದದ್ದು ಎಷ್ಟಿದ್ದರೂ ಗಿಡ ಬೆಳೆಯದು. ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ 19ನೇ ಶತಮಾನದಲ್ಲೇ ಈ ಮಾತನ್ನು ಜನಪ್ರಿಯಗೊಳಿಸಿದ. ಸಾರಿಗೆ ಬೇಳೆ, ತರಕಾರಿ, ಪುಡಿ ಎಲ್ಲಾ ಹಾಕಿ ಉಪ್ಪು ಮರೆತರೆ ಇನ್ನೆರಡು ಹಿಡಿ ಬೇಳೆ ಸುರಿದು ಸರಿಮಾಡಲಾದೀತೇ? ಹಾಗೇ ಇದೂ.

ಇದರಲ್ಲಿ ಸಾರಜನಕ, ರಂಜಕ ಸ್ವಲ್ಪ ಮಟ್ಟಿಗೆ ಮೀನಿನ ಆಹಾರ ಮತ್ತು ಹಿಕ್ಕೆಯಿಂದಲೇ ಸಿಗುತ್ತದೆ. ಮೀನು ಹೆಚ್ಚು, ಗಿಡ ಕಡಿಮೆ ಇರುವ ತೊಟ್ಟಿಗೆ ಪೊಟ್ಯಾಷ್ ಮತ್ತು ಕಬ್ಬಿಣದಂಥವು ಮಾತ್ರ ಸಾಕಾಗಬಹುದು. ಗಿಡ ದಟ್ಟವಾಗಿದ್ದು ಮೀನು ನಾಲ್ಕಾರು ಮಾತ್ರ ಇದ್ದರೆ ಎಲ್ಲವನ್ನೂ ನೀವೇ ಕೊಡಬೇಕು.

ಎಲೆಯನ್ನು ಓದಿ

ಏನು ಕಡಿಮೆಯಾಗಿದೆ ಅಂತ ಗಿಡವೇ ಹೇಳುತ್ತದೆ. ಮೊದಲು ನೋಡಬೇಕಾದ್ದು ತೊಂದರೆ ಹಳೆಯ ಎಲೆಯಲ್ಲೋ ಹೊಸ ಚಿಗುರಿನಲ್ಲೋ ಎಂಬುದು.

ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಗಿಡದೊಳಗೆ ಓಡಾಡಬಲ್ಲವು. ಕೊರತೆಯಾದಾಗ ಹಳೆಯ ಎಲೆ ತನ್ನಲ್ಲಿರುವುದನ್ನು ಚಿಗುರಿಗೆ ಕಳಿಸಿ ತಾನು ಸೊರಗುತ್ತದೆ. ಮನೆಯಲ್ಲಿ ಅನ್ನ ಕಡಿಮೆಯಾದ ದಿನ ಅಮ್ಮ ಮಕ್ಕಳಿಗೆ ಬಡಿಸಿ ತಾನು ಗಂಜಿ ಕುಡಿಯುವ ಹಾಗೆ. ಕಬ್ಬಿಣ, ಸುಣ್ಣದಂಶ ಹಾಗೆ ಓಡಾಡಲಾರವು. ಅವು ಕಡಿಮೆಯಾದರೆ ಚಿಗುರೇ ಮೊದಲು ಸೊರಗುತ್ತದೆ.

* ಬುಡದ ಹಳೆಯ ಎಲೆ ಪೂರ್ತಿ ಹಳದಿಯಾಗಿ ಉದುರಿ, ಬೆಳವಣಿಗೆ ನಿಂತರೆ: ಸಾರಜನಕದ ಕೊರತೆ.
* ಹಳೆಯ ಎಲೆ ಕಪ್ಪಿಟ್ಟು, ಗಾಜಿನ ಮೇಲೂ ನಿಧಾನ ಬೆಳೆಯುವ ಎಲೆಯ ಮೇಲೂ ಉಜ್ಜಿದರೂ ಹೋಗದ ಹಸಿರು ಚುಕ್ಕೆ ಬಂದರೆ: ರಂಜಕದ ಕೊರತೆ ಇರಬಹುದು.
* ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು, ಸುತ್ತ ಹಳದಿ ಅಂಚು: ಪೊಟ್ಯಾಷ್ ಕೊರತೆ.
* ಹಳೆಯ ಎಲೆಯ ನರ ಹಸಿರು, ನಡುವೆ ಹಳದಿ: ಮೆಗ್ನೀಷಿಯಂ ಕೊರತೆ.
* ಹೊಸ ಚಿಗುರು ಬಿಳಿಚಿಕೊಂಡು, ನರ ಮಾತ್ರ ಹಸಿರಾಗಿದ್ದರೆ: ಕಬ್ಬಿಣದ ಕೊರತೆ.
* ಚಿಗುರು ಮುದುಡಿ, ತಿರುಚಿಕೊಂಡು, ಕುಡಿ ಸತ್ತುಹೋದರೆ: ಸುಣ್ಣದಂಶದ ಕೊರತೆ. ಗ್ಯಾಸ್ ಏರುಪೇರಾದರೂ ಹೀಗಾಗುತ್ತದೆ, ಅದನ್ನೂ ನೋಡಿ.

ಎರಡು ಮಾತು ನೆನಪಿಡಿ. ಒಮ್ಮೆ ಹಾಳಾದ ಎಲೆ ಮತ್ತೆ ಸರಿಯಾಗದು. ಗೊಬ್ಬರ ಹಾಕಿ ಮರುದಿನವೇ ಹಳೆಯ ಎಲೆ ನೋಡಿ ನಿರಾಶರಾಗಬೇಡಿ. ಅದನ್ನು ಕತ್ತರಿಸಿ ತೆಗೆದು, ಎರಡು ವಾರದ ಮೇಲೆ ಹೊಸ ಎಲೆ ಹೇಗೆ ಬಂದಿದೆ ನೋಡಿ. ಇನ್ನೊಂದು, ಹೊಸದಾಗಿ ನೆಟ್ಟ ಗಿಡದ ಎಲೆ ಕರಗಿದರೆ ಅದು ಹಸಿವಲ್ಲ. ನರ್ಸರಿಯಲ್ಲಿ ನೀರಿನ ಮೇಲೆ ಬೆಳೆದ ಎಲೆ ನೀರೊಳಗೆ ಬಾಳದು. ಕ್ರಿಪ್ಟೊಕೊರೈನ್ ಜಾತಿಯ ಗಿಡವಂತೂ ಜಾಗ ಬದಲಿಸಿದರೆ ಸಾಕು, ಮುನಿಸಿಕೊಂಡು ಎಲೆಯೆಲ್ಲ ಕರಗಿಸಿಬಿಡುತ್ತದೆ. ಬೇರು ಗಟ್ಟಿ ಇದ್ದರೆ ತಾನಾಗಿ ಚಿಗುರುತ್ತದೆ, ಕಾಯಿರಿ.

ಗೊಬ್ಬರದ ಅಂಗಡಿಯಲ್ಲಿ ಎಚ್ಚರ!

ತೋಟ ಇರುವ ಮನೆಯಲ್ಲಿ ಗೊಬ್ಬರಕ್ಕೇನು ಬರ? ಕೊಟ್ಟಿಗೆಯ ಮೂಲೆಯಲ್ಲಿ ಚೀಲವೇ ಇರುತ್ತದೆ. ಅಪಾಯ ಇರುವುದೂ ಅಲ್ಲೇ.

ಯೂರಿಯಾ, ಡಿಎಪಿ ಒಂದು ಕಾಳೂ ಬೇಡ. ಇವು ನೀರಿನಲ್ಲಿ ಅಮೋನಿಯ ಕೊಡುತ್ತವೆ. ಅಮೋನಿಯ ಮೀನಿನ ಕಿವಿರನ್ನೇ ಸುಡುತ್ತದೆ. ಅದೇ ಅಮೋನಿಯ ಮತ್ತು ಬೆಳಕು ಸೇರಿದರೆ ಪಾಚಿಗೆ ಹಬ್ಬ.

19:19:19 ನೋಡಲು ಸಮತೋಲನದ ಗೊಬ್ಬರ. ಎಲೆಗೆ ಸಿಂಪಡಿಸಲು ಒಳ್ಳೆಯದೇ. ಆದರೆ ಅದರ ಸಾರಜನಕದ ಬಹುಪಾಲು ಯೂರಿಯಾ ಮತ್ತು ಅಮೋನಿಯ ರೂಪದಲ್ಲಿದೆ. "ಎಲ್ಲಾ ಗಿಡಕ್ಕೂ ಆಗುತ್ತೆ" ಅಂತ ಯಾರಾದರೂ ಹೇಳಿದರೂ ಮೀನಿರುವ ತೊಟ್ಟಿಗೆ ಹಾಕಬೇಡಿ.

ಸಗಣಿ, ಹಿಂಡಿ, ಎರೆಹುಳು ಗೊಬ್ಬರ ನೀರಿನಲ್ಲಿ ಕೊಳೆತು ಆಮ್ಲಜನಕ ತಿಂದುಹಾಕುತ್ತವೆ. ಬೇಡವೇ ಬೇಡ.

ಬೋರ್ಡೋ ಮಿಶ್ರಣದ ವಿಷಯವನ್ನಂತೂ ಮಲೆನಾಡಿನವರು ಮರೆಯಲೇಬಾರದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಈ ಮದ್ದಿನಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತ ಎಂದರೆ ತಾಮ್ರ. ಸೀಗಡಿ, ಬಸವನಹುಳುಗಳಿಗೆ ಅದು ಅತಿ ಕಡಿಮೆಯಿದ್ದರೂ ವಿಷ. ಮೀನಿಗೂ ಅಷ್ಟೆ. ಅದರಲ್ಲೂ ನಮ್ಮಲ್ಲಿಯ ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ಮದ್ದು ಕಲಸಿದ ಡ್ರಮ್, ಬಕೆಟ್, ಅಳತೆ ಲೋಟ ಯಾವುದನ್ನೂ ಎಷ್ಟು ತೊಳೆದರೂ ತೊಟ್ಟಿಯ ಕೆಲಸಕ್ಕೆ ತರಬೇಡಿ. ಮದ್ದು ಹೊಡೆಯುವ ದಿನಗಳಲ್ಲಿ ತೋಟದ ಪಕ್ಕದ ಮಾಡಿನಿಂದ ಹಿಡಿದ ಮಳೆನೀರು, ತೋಟದಿಂದ ಬಸಿದು ಬರುವ ನೀರು ಕೂಡ ಬೇಡ.

ಹಾಗಾದರೆ ಯಾವುದು ಆದೀತು? ಪೊಟ್ಯಾಸಿಯಂ ನೈಟ್ರೇಟ್. ಅಂಗಡಿಯಲ್ಲಿ ಇದು 13:0:45 ಹೆಸರಿನಲ್ಲಿ ಸಿಗುತ್ತದೆ. ಇದರ ಸಾರಜನಕ ನೈಟ್ರೇಟ್ ರೂಪದ್ದು. ಸರಿಯಾದ ಅಳತೆಯಲ್ಲಿ ಮೀನಿಗೆ ತೊಂದರೆಯಿಲ್ಲ. ಇನ್ನೊಂದು ಮಾನೊ ಪೊಟ್ಯಾಸಿಯಂ ಫಾಸ್ಫೇಟ್, ಅದೇ 0:52:34. ಹನಿ ನೀರಾವರಿಗೆ ಬಳಸುವ, ಪೂರ್ತಿ ಕರಗುವ, ಬಣ್ಣ ಬೆರೆಸದ ಪುಡಿಯನ್ನೇ ಕೇಳಿ ತನ್ನಿ. ಪ್ಯಾಕೆಟ್ ಮೇಲಿನ ವಿವರ ಓದಿ. ಚೀಲ ಒಡೆದು ತೂಗಿ ಕೊಡುವ ಬಿಡಿ ಪುಡಿ ಬೇಡ, ಯಾವುದರ ಜೊತೆ ಬೆರೆತಿದೆಯೋ ಗೊತ್ತಾಗದು.

ಕಬ್ಬಿಣ ಮುಂತಾದ ಸೂಕ್ಷ್ಮ ಪೋಷಕಾಂಶಗಳನ್ನು ಮಾತ್ರ ಅಕ್ವೇರಿಯಂ ಅಂಗಡಿಯಿಂದಲೇ ತರುವುದು ಕ್ಷೇಮ. ಅಡಿಕೆ, ಕಾಫಿಗೆ ಸಿಂಪಡಿಸುವ ಮಿಶ್ರಣದಲ್ಲಿ ಸತು, ತಾಮ್ರ, ಬೋರಾನ್ ಆ ಬೆಳೆಯ ಲೆಕ್ಕದಲ್ಲಿರುತ್ತದೆ, ಮೀನಿನ ಲೆಕ್ಕದಲ್ಲಿ ಅಲ್ಲ. ಇದೆಲ್ಲ ತಲೆನೋವು ಅನ್ನಿಸಿದರೆ ಎಲ್ಲವೂ ಸೇರಿದ ಸಿದ್ಧ ಬಾಟಲಿಯೂ ಸಿಗುತ್ತದೆ. ಬೆಲೆ ಹೆಚ್ಚು, ಕೆಲಸ ಕಡಿಮೆ.

ಅಳತೆ ಹೀಗೆ

ಮೊದಲು ನಿಮ್ಮ ತೊಟ್ಟಿಯಲ್ಲಿ ನಿಜವಾಗಿ ಎಷ್ಟು ನೀರಿದೆ ತಿಳಿಯಿರಿ. 2 ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯ ಗಾತ್ರ ಸುಮಾರು 70 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನೀರು 50 ಲೀಟರ್ ಆಸುಪಾಸು. ತುಂಬಿಸುವಾಗಲೇ ಕೊಡದ ಲೆಕ್ಕ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಕೆಳಗಿನ ಅಳತೆ 50 ಲೀಟರ್ ನೀರು, ಗ್ಯಾಸ್, ಒಳ್ಳೆಯ ಬೆಳಕು, ದಟ್ಟ ಗಿಡ ಇರುವ ತೊಟ್ಟಿಗೆ.

ಮೊದಲ ಬಾಟಲಿ: ಕಾಯಿಸಿ ಆರಿಸಿದ 250 ಮಿ.ಲೀ. ನೀರಿಗೆ 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, 1 ಗ್ರಾಂ ಮಾನೊ ಪೊಟ್ಯಾಸಿಯಂ ಫಾಸ್ಫೇಟ್ ಹಾಕಿ ಕರಗಿಸಿ. ಇದರ 10 ಮಿ.ಲೀ. ತೊಟ್ಟಿಗೆ ಹಾಕಿದರೆ ಲೀಟರಿಗೆ ಸುಮಾರು 5 ಮಿಲಿಗ್ರಾಂ ನೈಟ್ರೇಟ್, ಅರ್ಧ ಮಿಲಿಗ್ರಾಂ ಫಾಸ್ಫೇಟ್, 3 ಮಿಲಿಗ್ರಾಂ ಪೊಟ್ಯಾಸಿಯಂ ಸೇರುತ್ತದೆ. ವಾರಕ್ಕೆ ಮೂರು ಸಲ ಕೊಟ್ಟರೆ ಒಂದು ಬಾಟಲಿ ಎರಡು ತಿಂಗಳು ಬರುತ್ತದೆ.

ಎರಡನೆಯ ಬಾಟಲಿ: ಕಬ್ಬಿಣ ಮತ್ತು ಸೂಕ್ಷ್ಮ ಪೋಷಕಾಂಶದ್ದು. ಇದನ್ನು ಮೊದಲ ಬಾಟಲಿಗೆ ಬೆರೆಸಬೇಡಿ. ರಂಜಕ ಮತ್ತು ಕಬ್ಬಿಣ ಗಟ್ಟಿ ದ್ರವದಲ್ಲಿ ಎದುರಾದರೆ ಒಂದನ್ನೊಂದು ಹಿಡಿದುಕೊಂಡು ತಳಕ್ಕೆ ಕೂರುತ್ತವೆ. ಗಿಡಕ್ಕೆ ಎರಡೂ ಸಿಗುವುದಿಲ್ಲ. ಅದಕ್ಕೇ ಒಂದು ದಿನ ಅದು, ಮರುದಿನ ಇದು. ಲೇಬಲ್‌ನಲ್ಲಿ ಹೇಳಿದ ಅಳತೆಯ ಅರ್ಧದಿಂದ ಶುರುಮಾಡಿ.

ತೂಗಲು ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಅಳೆಯಲು ಸೂಜಿಯಿಲ್ಲದ ಸಿರಿಂಜ್ ಇಟ್ಟುಕೊಳ್ಳಿ. ಅಡುಗೆಮನೆಯ ಚಮಚ ಬೇಡ. ಇನ್ನೊಂದು ಬಹಳ ಮುಖ್ಯ. ಈ ಪುಡಿಗಳು ನೋಡಲು ಥೇಟ್ ಉಪ್ಪು, ಸಕ್ಕರೆಯ ಹಾಗೇ. ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ಅಡುಗೆಮನೆಯ ಗೂಡಿನಲ್ಲಿ ಇಡುವ ಅಭ್ಯಾಸ ಖಂಡಿತ ಬೇಡ. ದೊಡ್ಡಕ್ಷರದಲ್ಲಿ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ. ಕಲಸಿದ ಬಾಟಲಿಯನ್ನು ಫ್ರಿಜ್‌ನಲ್ಲೂ ಇಡಬೇಡಿ.

ವಾರದ ಪಟ್ಟಿ

ಭಾನುವಾರ: ಅರ್ಧ ನೀರು ಬದಲಾವಣೆ, ಗಾಜು ಒರೆಸುವುದು, ಒಣಗಿದ ಎಲೆ ಕತ್ತರಿಸುವುದು. ನಂತರ ಮೊದಲ ಬಾಟಲಿ 10 ಮಿ.ಲೀ.
ಸೋಮವಾರ: ಎರಡನೆಯ ಬಾಟಲಿ.
ಮಂಗಳವಾರ: ಮೊದಲ ಬಾಟಲಿ 10 ಮಿ.ಲೀ.
ಬುಧವಾರ: ಎರಡನೆಯದು.
ಗುರುವಾರ: ಮೊದಲನೆಯದು 10 ಮಿ.ಲೀ.
ಶುಕ್ರವಾರ: ಎರಡನೆಯದು.
ಶನಿವಾರ: ರಜೆ. ಕೂತು ನೋಡಿ!

ಗೊಬ್ಬರವನ್ನು ಬೆಳಿಗ್ಗೆ ದೀಪ ಹಾಕುವ ಹೊತ್ತಿಗೆ ಕೊಡಿ. ಗ್ಯಾಸ್ ದೀಪಕ್ಕಿಂತ ಒಂದು ಗಂಟೆ ಮೊದಲು ಶುರುವಾಗಿ, ದೀಪ ಆರುವ ಒಂದು ಗಂಟೆ ಮೊದಲು ನಿಲ್ಲಲಿ. ಕತ್ತಲಲ್ಲಿ ಗಿಡ ಅದನ್ನು ಬಳಸುವುದಿಲ್ಲ, ಮೀನಿಗೆ ಉಸಿರು ಕಟ್ಟುತ್ತದೆ.

ಅರ್ಧ ನೀರು ಯಾಕೆ ಬದಲಿಸಬೇಕು? ಈ ಕ್ರಮವನ್ನು ಹೆಸರಿಟ್ಟು ಪ್ರಚಾರ ಮಾಡಿದವರು ಅಮೆರಿಕದ ಟಾಮ್ ಬಾರ್. ಲೆಕ್ಕ ಸುಲಭ. ವಾರಕ್ಕೆ ಲೀಟರಿಗೆ 15 ಮಿಲಿಗ್ರಾಂ ನೈಟ್ರೇಟ್ ಹಾಕಿ, ಗಿಡ ಏನೂ ತಿನ್ನಲೇ ಇಲ್ಲ ಅಂತಿಟ್ಟುಕೊಳ್ಳಿ. ವಾರವಾರ ಅರ್ಧ ನೀರು ತೆಗೆಯುತ್ತಿದ್ದರೆ ಎಷ್ಟು ವರ್ಷ ಹಾಕಿದರೂ ಗೊಬ್ಬರದಿಂದ ಸೇರಿದ್ದು 30 ದಾಟುವುದಿಲ್ಲ. ನೀರು ಬದಲಾವಣೆಯೇ ಇಲ್ಲಿ ನಿಮ್ಮ ಸುರಕ್ಷೆ. ಅದನ್ನು ತಪ್ಪಿಸುವ ವಾರ ಗೊಬ್ಬರವನ್ನೂ ತಪ್ಪಿಸಿ.

ಗ್ಯಾಸ್ ಇಲ್ಲದ, ಮಂದ ಬೆಳಕಿನ ತೊಟ್ಟಿಗೆ ಇದೇ ಮೊದಲ ಬಾಟಲಿಯ 5 ಮಿ.ಲೀ. ವಾರಕ್ಕೊಮ್ಮೆ ಸಾಕು.

ಬೇರಿನಿಂದ ಉಣ್ಣುವ ಗಿಡಗಳ ಮಾತು ಬೇರೆ. ಕ್ರಿಪ್ಟೊಕೊರೈನ್, ಅಮೆಜಾನ್ ಸ್ವಾರ್ಡ್, ನೈದಿಲೆ ಇಂಥವುಗಳ ಬುಡದಲ್ಲಿ ಅಕ್ವೇರಿಯಂಗೆಂದೇ ಬರುವ ಗೊಬ್ಬರದ ಗುಳಿಗೆಯನ್ನು ಆಳವಾಗಿ ಹೂತಿಡಿ. ಜಾವಾ ಫರ್ನ್, ಅನುಬಿಯಾಸ್‌ಗಳನ್ನು ಕಲ್ಲಿಗೆ, ಕೊರಡಿಗೆ ಕಟ್ಟಬೇಕು. ಅವುಗಳ ಗಡ್ಡೆಯನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ. ಅವು ನೀರಿನಿಂದಲೇ ಹೀರಿಕೊಳ್ಳುತ್ತವೆ. ಪೋಷಕಾಂಶ ತುಂಬಿದ ಅಕ್ವಾ ಸಾಯಿಲ್ ಹಾಕಿದ್ದರೆ ಅದು ಮೊದಲ ಕೆಲವು ವಾರ ತಾನೇ ಅಮೋನಿಯ ಬಿಡುತ್ತದೆ. ಅಲ್ಲಿಯವರೆಗೆ ಮೀನು ಬಿಡಬೇಡಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಎಂದು ಟೆಸ್ಟ್ ಕಿಟ್ ತೋರಿಸಿದ ಮೇಲೆಯೇ ಮೀನು.

ನಮ್ಮ ನೀರು ಮೆದು ನೀರು

ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಪಾತ್ರೆಗೆ ಬಿಳಿ ಕಲೆ ಕೂರುತ್ತದೆ, ಸೋಪು ನೊರೆ ಬರುವುದಿಲ್ಲ. ಅದು ಗಡಸು ನೀರು. ಹರಿಹರಪುರ, ಕೊಪ್ಪ, ಶೃಂಗೇರಿ ಕಡೆಯ ಬಾವಿ ನೀರು, ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿದು ಬರುವ ನೀರು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಒಂದು ಚೂರು ಸೋಪಿಗೆ ರಾಶಿ ನೊರೆ. ಕುಡಿಯಲು ಸಿಹಿ, ಬೇಳೆ ಬೇಗ ಬೇಯುತ್ತದೆ. ಘಟ್ಟದ ಹಳೆಯ ಗಟ್ಟಿ ಕಲ್ಲಿನಿಂದ, ಮಳೆಗೆ ತೊಳೆದುಹೋದ ಮಣ್ಣಿನಿಂದ ಬರುವ ನೀರಿನಲ್ಲಿ ಸುಣ್ಣದಂಶ, ಮೆಗ್ನೀಷಿಯಂ ಕಡಿಮೆ.

ಇದರಿಂದ ಒಳ್ಳೆಯದೂ ಇದೆ. ಹೆಚ್ಚಿನ ಗಿಡಗಳಿಗೆ ಮೆದು ನೀರೇ ಇಷ್ಟ. ಇಂಥ ನೀರಿನಲ್ಲಿ ಕಬ್ಬಿಣವೂ ಗಿಡಕ್ಕೆ ಸುಲಭವಾಗಿ ಸಿಗುತ್ತದೆ. ಆದರೆ ಸುಣ್ಣದಂಶ ತೀರಾ ಇಲ್ಲದಿದ್ದರೆ ಚಿಗುರು ಮುದುಡುತ್ತದೆ, ಬಸವನಹುಳುವಿನ ಚಿಪ್ಪು ಸವೆಯುತ್ತದೆ. ಪೇಟೆಯಲ್ಲಿ ಸಿಗುವ ಗೊಬ್ಬರದ ಬಾಟಲಿಗಳಲ್ಲಿ ಹಲವು ನಿಮ್ಮ ನೀರಿನಲ್ಲೇ ಸುಣ್ಣದಂಶ ಇದೆ ಎಂದುಕೊಂಡು ಅದನ್ನು ಬಿಟ್ಟಿರುತ್ತವೆ. ನಮ್ಮ ಕಡೆ ಗಿಡ ಸೊರಗಲು ಇದೂ ಒಂದು ಕಾರಣ.

ಟೆಸ್ಟ್ ಕಿಟ್‌ನಲ್ಲಿ ಗಡಸುತನ 3 ಡಿಗ್ರಿಗಿಂತ ಕಡಿಮೆ ಬಂದರೆ ಹೀಗೆ ಮಾಡಿ. ವಾರಕ್ಕೊಮ್ಮೆ ಬದಲಿಸುವ 25 ಲೀಟರ್ ಹೊಸ ನೀರಿಗೆ ಒಂದೂವರೆ ಗ್ರಾಂ ಶುದ್ಧ ಜಿಪ್ಸಂ, 1 ಗ್ರಾಂ ಎಪ್ಸಂ ಉಪ್ಪು ಹಾಕಿ ಚೆನ್ನಾಗಿ ಕಲಕಿ. ಗಡಸುತನ ಸುಮಾರು 3 ಡಿಗ್ರಿ ಏರುತ್ತದೆ. ಜಿಪ್ಸಂ ನಿಧಾನ ಕರಗುತ್ತದೆ, ಹಿಂದಿನ ರಾತ್ರಿಯೇ ಹಾಕಿಡಿ. ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವ ಊರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಬಳಸಿ. ಕಾಯಿಸಿದ ಅಡುಗೆ ಸುಣ್ಣ ಹಾಕುವ ಯೋಚನೆ ಬೇಡ. ಅದು ನೀರಿನ ಪಿಎಚ್ ಅನ್ನು ಒಮ್ಮೆಲೇ ಮೇಲಕ್ಕೆ ಎತ್ತಿ ಮೀನು ಕೊಲ್ಲುತ್ತದೆ.

ಕರೆಂಟ್ ಹೋದರೆ?

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಯ್ತು ಅಂದರೆ ಮತ್ತೆ ಯಾವಾಗ ಬರುತ್ತದೋ ದೇವರೇ ಬಲ್ಲ. ಹೈಟೆಕ್ ತೊಟ್ಟಿಗೆ ಇದೇ ದೊಡ್ಡ ಪರೀಕ್ಷೆ.

* ದೀಪವಿಲ್ಲದ ದಿನ ಗೊಬ್ಬರವಿಲ್ಲ. ಬೆಳಕಿಲ್ಲದೆ ಗಿಡ ಉಣ್ಣುವುದಿಲ್ಲ. ಬಿಟ್ಟುಹೋದ ದಿನದ್ದನ್ನೆಲ್ಲ ಸೇರಿಸಿ ಮರುದಿನ ಕೊಡಬೇಡಿ.
* ಗ್ಯಾಸ್‌ಗೆ ಸೊಲೆನಾಯ್ಡ್ ವಾಲ್ವ್ ಇರಲೇಬೇಕು. ಕರೆಂಟ್ ಹೋದಾಗ ಅದು ತಾನೇ ಮುಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಕತ್ತಲಲ್ಲೂ ಗ್ಯಾಸ್ ಸೋರಿ ಮೀನು ಸಾಯುತ್ತದೆ.
* ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್ ಒಂದು ಮನೆಯಲ್ಲಿರಲಿ. ಇನ್ವರ್ಟರ್ ಇದ್ದರೆ ಮೊದಲ ಸಂಪರ್ಕ ಫಿಲ್ಟರ್‌ಗೆ, ದೀಪಕ್ಕಲ್ಲ.
* ಮುಚ್ಚಿದ ಡಬ್ಬಿಯಂಥ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಒಳಗಿನ ಉಪಕಾರಿ ಸೂಕ್ಷ್ಮಜೀವಿಗಳು ಸತ್ತು ನೀರು ಕೆಟ್ಟಿರುತ್ತದೆ. ಕರೆಂಟ್ ಬಂದ ತಕ್ಷಣ ಹಾಗೇ ಚಾಲೂ ಮಾಡಬೇಡಿ. ಬಿಚ್ಚಿ, ತೊಟ್ಟಿಯದೇ ನೀರಿನಲ್ಲಿ ಒಳಗಿನದನ್ನು ಜಾಲಿಸಿ, ಆಮೇಲೆ ಹಾಕಿ.
* ಮೀನಿಗೆ ಒಂದೆರಡು ದಿನ ಊಟ ಬೇಡ. ಅವು ಉಪವಾಸ ತಡೆಯುತ್ತವೆ, ಕೊಳೆತ ಆಹಾರ ತಡೆಯವು.

ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಕಟ್ಟಿರಬೇಕು. ಕಿಟಕಿ ಮುಚ್ಚಿದ ಮಲಗುವ ಕೋಣೆಯಲ್ಲಿ ಇಡಬೇಡಿ.

ಪಾಚಿ ಬಂದರೆ ಗೊಬ್ಬರ ನಿಲ್ಲಿಸಬೇಕೇ?

ಎಲ್ಲರೂ ಮೊದಲು ಮಾಡುವುದು ಅದನ್ನೇ. 1996ರಲ್ಲಿ ಪಾಲ್ ಸಿಯರ್ಸ್, ಕೆವಿನ್ ಕಾನ್ಲಿನ್ ಎಂಬ ಹವ್ಯಾಸಿಗಳು ರಂಜಕ ಕಡಿಮೆ ಕೊಟ್ಟು ಪಾಚಿ ತಡೆಯಬಹುದು ಎಂದು ಬರೆದಿದ್ದರು. ಮುಂದೆ ಅನೇಕರು ರಂಜಕ ಧಾರಾಳ ಕೊಟ್ಟೂ ಪಾಚಿಯಿಲ್ಲದ ತೊಟ್ಟಿ ಮಾಡಿ ತೋರಿಸಿದರು. ಗಿಡ ಹಸಿದು ಸೊರಗಿದಾಗ ಅದರ ಎಲೆಯೇ ಪಾಚಿಗೆ ಮನೆ. ಹೊಟ್ಟೆ ತುಂಬಿದ ಗಿಡ ಪಾಚಿಗೆ ಜಾಗ ಬಿಡದು.

ಹಾಗಾಗಿ ಪಾಚಿ ಕಂಡರೆ ಈ ಕ್ರಮದಲ್ಲಿ ನೋಡಿ. ದೀಪ ಹೆಚ್ಚು ಹೊತ್ತು ಉರಿಯುತ್ತಿದೆಯೇ? 6 ಗಂಟೆಗೆ ಇಳಿಸಿ. ಗ್ಯಾಸ್ ದಿನಕ್ಕೊಂದು ಥರ ಆಗುತ್ತಿದೆಯೇ? ಎಲೆಯಂಚಿನ ಕಪ್ಪು ಕುಂಚದಂಥ ಪಾಚಿಗೆ ಹೆಚ್ಚಾಗಿ ಅದೇ ಕಾರಣ. ಮೀನಿಗೆ ಆಹಾರ ಮಿಗುವಷ್ಟು ಹಾಕುತ್ತಿದ್ದೀರಾ? ಫಿಲ್ಟರ್ ತುಂಬಿದೆಯೇ? ಇವೆಲ್ಲ ಸರಿಯಿದ್ದರೆ ಮಾತ್ರ ಗೊಬ್ಬರದ ಅಳತೆ ಮುಟ್ಟಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ವಾರ ಕಾಯುವುದು. ಹೊಸ ತೊಟ್ಟಿಯಲ್ಲಿ ಬರುವ ಕಂದು ಬಣ್ಣದ ಧೂಳಿನಂಥದ್ದು ತಾನಾಗಿ ಹೋಗುತ್ತದೆ, ಒರೆಸಿ ಸುಮ್ಮನಿರಿ.

ಹೊಳೆಗೆ ಚೆಲ್ಲಬೇಡಿ, ಹೊಳೆಯಿಂದ ಕೀಳಬೇಡಿ

ತೊಟ್ಟಿಯಿಂದ ತೆಗೆದ ನೀರು ಅಂಗಳದ ಗಿಡಕ್ಕೆ ಒಳ್ಳೆಯ ಗೊಬ್ಬರ. ಆಂಥೂರಿಯಂ, ಡೇರೆ, ಬಸಳೆ ಬುಡಕ್ಕೆ ಹಾಕಿ, ಚರಂಡಿಗೆ ಬಿಡಬೇಡಿ. ಆದರೆ ಕತ್ತರಿಸಿದ ಗಿಡದ ತುಂಡು ಹೊಳೆಗೆ, ಕೆರೆಗೆ ಬೀಳಲೇಬಾರದು. ದಕ್ಷಿಣ ಅಮೆರಿಕದಿಂದ ಬಂದ ಸಾಲ್ವೀನಿಯಾ, ವಾಟರ್ ಹಯಸಿಂತ್ ನಮ್ಮ ಎಷ್ಟು ಕೆರೆಗಳನ್ನು ಮುಚ್ಚಿಹಾಕಿವೆ ನೋಡಿದ್ದೀರಲ್ಲ? ಒಂದು ಗೆಣ್ಣು ಸಾಕು, ಹಬ್ಬಲು. ತುಂಡುಗಳನ್ನು ಬಿಸಿಲಲ್ಲಿ ಒಣಗಿಸಿ ಗೊಬ್ಬರ ಗುಂಡಿಗೆ ಹಾಕಿ. ಬೇಡವಾದ ಮೀನನ್ನೂ ತುಂಗೆಗೆ ಬಿಡಬೇಡಿ. ಶೃಂಗೇರಿಯಲ್ಲಿ ನಾವು ಭಕ್ತಿಯಿಂದ ಮಂಡಕ್ಕಿ ಹಾಕುವ ಮೀನುಗಳಿಗೆ ಅದು ರೋಗ ತಂದೀತು.

ಪಕ್ಕದ ಹಳ್ಳದಲ್ಲಿ ಚೆಂದದ ಗಿಡ ಕಂಡರೆ ಕೀಳುವ ಆಸೆಯಾಗುವುದು ಸಹಜ. ಜಗತ್ತಿನ ಅಕ್ವೇರಿಯಂಗಳಲ್ಲಿ ಕೆಂಪಗೆ ಮಿಂಚುವ ರೊಟಾಲ ಮ್ಯಾಕ್ರಾಂಡ್ರ, ಲ್ಯಾಜೆನಾಂಡ್ರ ಮೀಬೋಲ್ಡಿ ನಮ್ಮ ಪಶ್ಚಿಮ ಘಟ್ಟದ ಕೂಸುಗಳೇ. ಅಂಥ ಕೆಲವು ಗಿಡಗಳು ಬೆಳೆಯುವುದು ಬಹಳ ಕಡಿಮೆ ಜಾಗದಲ್ಲಿ. ಬುಡಸಹಿತ ಕಿತ್ತರೆ ಆ ಹಳ್ಳದಲ್ಲಿ ಮತ್ತೆ ಇರುವುದಿಲ್ಲ. ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಿ, ಗೆಳತಿಯರ ಜೊತೆ ತುಂಡು ಹಂಚಿಕೊಳ್ಳಿ.

ನೆನಪಿಡಿ

* ಬೆಳಕು ಮೊದಲು, ಗ್ಯಾಸ್ ಎರಡನೆಯದು, ಗೊಬ್ಬರ ಮೂರನೆಯದು.
* ಯೂರಿಯಾ, ಡಿಎಪಿ, 19:19:19, ಸಗಣಿ ಬೇಡ. ಬೋರ್ಡೋ ಮುಟ್ಟಿದ ಪಾತ್ರೆಯೂ ಬೇಡ.
* ಹೊಸ ತೊಟ್ಟಿಗೆ, ಹೊಸದಾಗಿ ಶುರುಮಾಡುವವರು ಅರ್ಧ ಅಳತೆಯಿಂದ ಆರಂಭಿಸಿ.
* ಹಳೆಯ ಎಲೆಯಲ್ಲೋ, ಚಿಗುರಲ್ಲೋ? ಕೊರತೆ ಗುರುತಿಸುವ ಮೊದಲ ಪ್ರಶ್ನೆ ಇದೇ.
* ಸಣ್ಣ ನೋಟ್‌ಬುಕ್‌ನಲ್ಲಿ ಹಾಕಿದ ದಿನ, ಅಳತೆ ಬರೆದಿಡಿ. ಇಬ್ಬರು ಒಂದೇ ದಿನ ಹಾಕಿದರೆ ಕಷ್ಟ.
* ಮೀನು ಸಂಕಟಪಡುತ್ತಿದ್ದರೆ ಮೊದಲು ಮೀನು, ಆಮೇಲೆ ಗಿಡ.

ಗಿಡದ ತೊಟ್ಟಿಯನ್ನು ಒಂದು ಕಲೆಯಾಗಿ ಬೆಳೆಸಿದ ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ (1954–2015) ಅವರ ತೊಟ್ಟಿಗಳ ಚಿತ್ರ ನೋಡಿ ಅನೇಕರಿಗೆ ಆಸೆ ಹುಟ್ಟುತ್ತದೆ. ಆ ಹಸಿರಿನ ಹಿಂದೆ ಇರುವುದು ದಿನವೂ ತಪ್ಪದ ಅಳತೆ, ವಾರವಾರ ತಪ್ಪದ ನೀರು ಬದಲಾವಣೆ. ಒಂದು ಮನೆಯನ್ನು ತೂಗಿಸುವ ಕೈಗೆ ಅದೇನು ಹೊಸದಲ್ಲ. ಈ ಭಾನುವಾರ ಅರ್ಧ ತೊಟ್ಟಿ ನೀರು ಬದಲಿಸಿ, 5 ಮಿ.ಲೀ.ಯಿಂದ ಶುರುಮಾಡಿ. ಹದಿನೈದು ದಿನ ಬಿಟ್ಟು ಚಿಗುರು ನೋಡಿ.